ಹೆಪ್ಪುನೆಲದ ಹೊಂಡಗಳು: ಇಂಗಾಲ ಹೊರಡುವ ದಾರಿ



ಉತ್ತರ ಧ್ರುವದ ಸುತ್ತಲಿನ ಹೆಪ್ಪುಗಟ್ಟಿದ ನೆಲದ ಮಾತು ಎಲ್ಲೇ ಬಂದರೂ ಅದು ಒಂದು ಭಾರೀ ಅಂಕಿಯಿಂದ ಆರಂಭವಾಗುತ್ತದೆ. ಸತತ ಎರಡು ವರ್ಷವಾದರೂ ಸೊನ್ನೆ ಡಿಗ್ರಿ ಸೆಲ್ಸಿಯಸ್ ದಾಟದ ನೆಲಕ್ಕೆ ಪರ್ಮಾಫ್ರಾಸ್ಟ್ ಎಂದು ಹೆಸರು. ಇಲ್ಲಿ ಅದನ್ನು ಹೆಪ್ಪುನೆಲ ಎನ್ನುತ್ತೇನೆ. ಸೈಬೀರಿಯಾ, ಅಲಾಸ್ಕಾ, ಉತ್ತರ ಕೆನಡಾಗಳಲ್ಲಿ ಹಬ್ಬಿರುವ ಈ ಸೀಮೆಯ ಮಣ್ಣಿನಲ್ಲಿ ಸುಮಾರು 1.3ರಿಂದ 1.6 ಲಕ್ಷ ಕೋಟಿ ಟನ್ ಸಾವಯವ ಇಂಗಾಲ ಇದೆ. ಇಡೀ ವಾತಾವರಣದಲ್ಲಿ ಈಗಿರುವುದರ ಒಂದೂವರೆಯಿಂದ ಎರಡು ಪಟ್ಟು. ಅಂಕಿ ತಪ್ಪಲ್ಲ. ಆದರೆ ಅದು ದಾಸ್ತಾನಿನ ಅಂಕಿ. ದಾಸ್ತಾನು ಎಷ್ಟೆಂದು ಗೊತ್ತಾದ ಮಾತ್ರಕ್ಕೆ ಅದರಲ್ಲಿ ಯಾವುದು, ಯಾವ ರೂಪದಲ್ಲಿ, ಎಷ್ಟು ವೇಗವಾಗಿ ಹೊರಬರುತ್ತದೆ ಎಂಬುದು ಗೊತ್ತಾಗುವುದಿಲ್ಲ. ಈ ಉಪನ್ಯಾಸದ ವಾದ ಇಷ್ಟು: ಇಂಗಾಲ ಹೊರಡುವ ರೂಪವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಭೂಪಟದಲ್ಲಿ ಕಾಣಿಸದಷ್ಟು ಚಿಕ್ಕ ಹೊಂಡಗಳು ಮತ್ತು ಆಳವಿಲ್ಲದ ಸರೋವರಗಳು. ಅವುಗಳಲ್ಲೂ ನೋಡಬೇಕಾದದ್ದು ವಿಸ್ತೀರ್ಣಕ್ಕಿಂತ ಆಳವನ್ನು. ಚಳಿಗಾಲದಲ್ಲಿ ತಳದವರೆಗೂ ಗಡ್ಡೆಯಾಗುವ ನೀರು ಒಂದು ಜಾತಿ, ಗಡ್ಡೆಯ ಕೆಳಗೆ ಒಂದಿಷ್ಟು ನೀರನ್ನು ಉಳಿಸಿಕೊಳ್ಳುವುದು ಬೇರೆಯೇ ಜಾತಿ. ಎರಡರ ನಡುವಿನ ಗೆರೆ ಒಂದೂವರೆ ಎರಡು ಮೀಟರ್ ದಪ್ಪದ ಮಂಜುಗಡ್ಡೆ. ಆ ಗೆರೆ ಈಗ ಜರುಗುತ್ತಿದೆ.

ರೂಪದ ಮಾತಿಗೆ ಇಷ್ಟು ಮಹತ್ವ ಏಕೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಒಂದು ಕಿಲೋ ಇಂಗಾಲ ಆಮ್ಲಜನಕವಿರುವ ಕಡೆ ಕೊಳೆತರೆ ಸುಮಾರು 3.67 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದೇ ಒಂದು ಕಿಲೋ ಪೂರ್ತಿಯಾಗಿ ಮೀಥೇನ್ ಆಯಿತೆಂದರೆ 1.33 ಕಿಲೋ. ನೂರು ವರ್ಷದ ಅವಧಿಯಲ್ಲಿ ಒಂದು ಕಿಲೋ ಮೀಥೇನ್ ಉಂಟುಮಾಡುವ ಬಿಸಿ ಸುಮಾರು 27 ಕಿಲೋ ಡೈಆಕ್ಸೈಡಿನದಕ್ಕೆ ಸಮ ಎನ್ನುತ್ತದೆ ಐಪಿಸಿಸಿಯ ಆರನೆಯ ವರದಿ. ಗುಣಿಸಿದರೆ 36. ಎಂದರೆ ಅದೇ ಇಂಗಾಲ ಬೇರೆ ವೇಷದಲ್ಲಿ ಹೊರಟರೆ ಪರಿಣಾಮ ಹತ್ತು ಪಟ್ಟು. ಆಮ್ಲಜನಕವಿಲ್ಲದ ಹೂಳಿನಲ್ಲಿ ವಾಸ್ತವವಾಗಿ ಎರಡೂ ಅನಿಲಗಳು ಹುಟ್ಟುತ್ತವೆ, ಆದ್ದರಿಂದ ಹತ್ತು ಪಟ್ಟು ಎಂಬುದು ಮೇಲಿನ ಮಿತಿ. ಅರ್ಧಕ್ಕರ್ಧ ಮೀಥೇನ್ ಆಯಿತೆಂದರೂ ಐದು ಪಟ್ಟಿಗೆ ಇಳಿಯುವುದಿಲ್ಲ. ಇಪ್ಪತ್ತು ವರ್ಷದ ಅವಧಿಗೆ ಲೆಕ್ಕ ಹಾಕಿದರೆ 27ರ ಜಾಗದಲ್ಲಿ ಸುಮಾರು 80 ಬರುತ್ತದೆ. ದಾಸ್ತಾನಿನ ಅಂದಾಜಿನಲ್ಲಿ ಹತ್ತಿಪ್ಪತ್ತು ಪ್ರತಿಶತ ಹೆಚ್ಚುಕಡಿಮೆಯಾದರೆ ಚರ್ಚಿಸುವ ನಾವು, ಐದು ಹತ್ತು ಪಟ್ಟಿನ ಈ ವ್ಯತ್ಯಾಸ ಎಲ್ಲಿ ನಿರ್ಧಾರವಾಗುತ್ತದೆ ಎಂದು ಕೇಳುವುದು ಅಪರೂಪ.

ಅದು ನಿರ್ಧಾರವಾಗುವ ಜಾಗವನ್ನು ಹತ್ತಿರದಿಂದ ನೋಡೋಣ. ಲೇನಾ ನದಿ ಲಾಪ್ಟೆವ್ ಸಮುದ್ರವನ್ನು ಸೇರುವ ಮುಖಜಭೂಮಿಯಲ್ಲಿ ಸಮೋಯ್ಲೋವ್ ಎಂಬ ನಡುಗಡ್ಡೆ ಇದೆ. ರಷ್ಯಾ ಮತ್ತು ಜರ್ಮನಿಯ ವಿಜ್ಞಾನಿಗಳು 2022ರವರೆಗೆ ದಶಕಗಳ ಕಾಲ ಜೊತೆಯಾಗಿ ಅಳತೆ ಮಾಡಿದ ತಾಣ. ಮೇಲಿನಿಂದ ನೋಡಿದರೆ ಅಲ್ಲಿನ ನೆಲ ಬಹುಭುಜಗಳ ಜಾಲ. ಕಡುಚಳಿಗೆ ನೆಲ ಕುಗ್ಗಿ ಸೀಳುತ್ತದೆ, ವಸಂತದಲ್ಲಿ ಕರಗಿದ ಹಿಮದ ನೀರು ಸೀಳಿಗೆ ಇಳಿದು ಅಲ್ಲೇ ಗಡ್ಡೆಯಾಗುತ್ತದೆ, ಮರುವರ್ಷ ಸೀಳು ಅದೇ ಜಾಗದಲ್ಲಿ ಬಾಯ್ಬಿಡುತ್ತದೆ. ನೂರಾರು, ಸಾವಿರಾರು ವರ್ಷ ಹೀಗೆ ನಡೆದು ನೆಲದೊಳಗೆ ಬೆಣೆಯಾಕಾರದ ಮಂಜುಗಡ್ಡೆಯ ಗೋಡೆಗಳು ಬೆಳೆಯುತ್ತವೆ. ಗೋಡೆ ಬೆಳೆದಂತೆ ಅಂಚಿನ ಮಣ್ಣು ಏರಿಯಂತೆ ಉಬ್ಬುತ್ತದೆ, ನಡುವಿನ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಒಂದೊಂದು ಬಹುಭುಜ ಹತ್ತರಿಂದ ಮೂವತ್ತು ಮೀಟರ್ ಅಗಲ. ಅದರೊಳಗಿನ ನೀರು ಸಾಮಾನ್ಯವಾಗಿ ಮೊಣಕಾಲಿನಿಂದ ಎದೆಮಟ್ಟ. ನೆಲ ಬಿಸಿಯಾದಾಗ ಬೆಣೆಗಡ್ಡೆಗಳೇ ಕರಗಿ ಅಂಚುಗಳು ಕುಸಿಯುತ್ತವೆ, ಕಾಲುವೆಯಾಕಾರದ ಹೊಸ ಹೊಂಡಗಳು ಹುಟ್ಟುತ್ತವೆ. ಆರ್ಕ್‌ಟಿಕ್ ಸುತ್ತಲಿನ ಹೊಂಡ ಮತ್ತು ಸರೋವರಗಳನ್ನು ಸೂಕ್ಷ್ಮ ಉಪಗ್ರಹ ಚಿತ್ರಗಳಿಂದ ಪಟ್ಟಿಮಾಡಿದ ಪರ್ಲ್ ದತ್ತಾಂಶ ಸಂಗ್ರಹದ ಪ್ರಕಾರ (2017), ಒಂದು ಹೆಕ್ಟೇರಿಗಿಂತ ಚಿಕ್ಕ ನೀರು ಸಂಖ್ಯೆಯಲ್ಲಿ ಸ್ಥಳದಿಂದ ಸ್ಥಳಕ್ಕೆ 45ರಿಂದ 99 ಪ್ರತಿಶತ. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 30 ಮೀಟರ್ ಅಗಲದ್ದು. ಇಡೀ ಹೊಂಡ ಒಂದೇ ಚುಕ್ಕಿಯೊಳಗೆ ಅಡಗಿಹೋಗುತ್ತದೆ.

ಚಿಕ್ಕದೆಂದು ಬಿಟ್ಟುಬಿಡುವಂತಿಲ್ಲ. ಮೆರೆಡಿತ್ ಹೋಲ್ಗರ್‌ಸನ್ ಮತ್ತು ಪೀಟರ್ ರೇಮಂಡ್ 2016ರಲ್ಲಿ ಜಗತ್ತಿನ ಕೊಳ ಸರೋವರಗಳ ಲೆಕ್ಕ ತೆಗೆದಾಗ, ಸಾವಿರ ಚದರ ಮೀಟರಿಗಿಂತ ಚಿಕ್ಕ ಹೊಂಡಗಳ ಪಾಲು ಒಟ್ಟು ವಿಸ್ತೀರ್ಣದಲ್ಲಿ 8.6 ಪ್ರತಿಶತ ಮಾತ್ರ ಎಂದು ಕಂಡುಬಂತು. ನೀರಿನ ಮೇಲ್ಮೈಯಿಂದ ಹರಡಿ ಹೋಗುವ ಮೀಥೇನಿನಲ್ಲಿ ಅವುಗಳ ಪಾಲಾದರೋ 40.6 ಪ್ರತಿಶತ. ಇದು ಇಡೀ ಭೂಮಿಯ ಲೆಕ್ಕ, ಹೆಪ್ಪುನೆಲದ್ದಷ್ಟೇ ಅಲ್ಲ. ಆದರೆ ಕಾರಣಗಳು ಎಲ್ಲೆಡೆ ಒಂದೇ, ಹೆಪ್ಪುನೆಲದಲ್ಲಿ ಇನ್ನಷ್ಟು ತೀವ್ರ. ಚಿಕ್ಕ ಹೊಂಡಕ್ಕೆ ಅದರ ಗಾತ್ರಕ್ಕೆ ಹೋಲಿಸಿದರೆ ದಡ ಬಹಳ. ದಡದ ಮಣ್ಣು, ಪೀಟ್, ಹುಲ್ಲಿನ ಬೇರು ಸದಾ ನೀರಿಗೆ ಕಳಚಿ ಬೀಳುತ್ತಿರುತ್ತವೆ. ಕರಗಿದ ಸಾವಯವ ವಸ್ತುವಿನಿಂದ ನೀರು ಕಂದುಬಣ್ಣಕ್ಕೆ ತಿರುಗುತ್ತದೆ, ಬಿಸಿಲು ಮೇಲಿನ ಪದರದಲ್ಲೇ ಹೀರಿಹೋಗುತ್ತದೆ. ಬಿಸಿಯಾದ ಮೇಲ್ಪದರ ಹಗುರ, ತಣ್ಣನೆಯ ಕೆಳಪದರ ಭಾರ. ಕಲಕಲು ಗಾಳಿಗೆ ಅಷ್ಟು ವಿಶಾಲವಾದ ಬಯಲು ಸಿಗುವುದಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರ ತುದಿಯ ನುನಾವಿಕ್‌ನಲ್ಲಿ ಎರಡು ಮೂರು ಮೀಟರ್ ಆಳದ ಕರಗುಹೊಂಡಗಳಲ್ಲಿ ಬೇಸಿಗೆಯಲ್ಲೂ ತಳದ ನೀರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇರುವುದು ಇದೇ ಕಾರಣಕ್ಕೆ. ಆ ತಳದಲ್ಲಿ ಕೆಲಸ ಮಾಡುವವು ಮೀಥೇನ್ ಹುಟ್ಟಿಸುವ ಸೂಕ್ಷ್ಮಜೀವಿಗಳು. ನಮ್ಮ ಹಳ್ಳಿಗಳ ಗೋಬರ್ ಗ್ಯಾಸ್ ಗುಂಡಿಯೊಳಗೆ ದುಡಿಯುವವರ ಬಳಗವೇ. ಗುಂಡಿಯ ಅನಿಲವನ್ನು ನಾವು ಪೈಪಿನಿಂದ ಒಲೆಗೆ ಒಯ್ಯುತ್ತೇವೆ, ಇಲ್ಲಿ ಪೈಪು ಇಲ್ಲ.

ಪೈಪು ಇಲ್ಲದಿದ್ದರೂ ದಾರಿಗಳಿವೆ. ನೀರಿನಲ್ಲಿ ಕರಗಿ ನಿಧಾನವಾಗಿ ಮೇಲಕ್ಕೆ ಹರಡುವುದು ಒಂದು ದಾರಿ. ಈ ದಾರಿಯಲ್ಲಿ ಸುಂಕದಕಟ್ಟೆ ಇದೆ: ಆಮ್ಲಜನಕವಿರುವ ಪದರದಲ್ಲಿ ಮೀಥೇನನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಡೈಆಕ್ಸೈಡ್ ಮಾಡಿ ಕಳಿಸುತ್ತವೆ. ಲೇನಾ ಮುಖಜಭೂಮಿಯ ಹೊಂಡಗಳಲ್ಲಿ ನೀರೊಳಗೆ ಬೆಳೆಯುವ ಕಂದು ಹಾವಸೆಯ ಎಲೆಗಳಿಗೆ ಅಂಟಿಕೊಂಡು ಇಂಥ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ; ಹಾವಸೆ ಹಗಲಲ್ಲಿ ಬಿಡುವ ಆಮ್ಲಜನಕ ಅವಕ್ಕೆ, ಅವು ಬಿಡುವ ಡೈಆಕ್ಸೈಡ್ ಹಾವಸೆಗೆ. ಎರಡನೆಯ ದಾರಿ ಗುಳ್ಳೆ. ಹೂಳಿನಲ್ಲಿ ಅನಿಲ ತುಂಬಿ ಗುಳ್ಳೆಯಾಗಿ ಚಿಮ್ಮಿದರೆ ಸುಂಕ ಕಟ್ಟದೆ ನೇರ ಗಾಳಿಗೆ ಸೇರುತ್ತದೆ. ನೀರು ಆಳವಿಲ್ಲದಷ್ಟೂ ಇದು ಸುಲಭ. ಮೂರನೆಯದು ಜೊಂಡುಹುಲ್ಲಿನ ಟೊಳ್ಳು ಕಾಂಡ. ಕರಗಿದ ಇಂಗಾಲದ ಒಂದು ಭಾಗವನ್ನು ಬಿಸಿಲೇ ಸುಟ್ಟು ಡೈಆಕ್ಸೈಡ್ ಮಾಡುತ್ತದೆ ಎಂಬುದನ್ನೂ ಹೇಳಬೇಕು. ಅಲಾಸ್ಕಾದ ನೀರುಗಳಲ್ಲಿ ರೋಸ್ ಕೋರಿ ತಂಡ 2014ರಲ್ಲಿ ತೋರಿಸಿದಂತೆ, ನೀರಿನ ಕಂಬದಲ್ಲಿ ರೂಪಾಂತರಗೊಳ್ಳುವ ಕರಗಿದ ಇಂಗಾಲದ ಬಹುಪಾಲು ಸೂರ್ಯನ ಕೆಲಸ. ಅಂತೂ ಒಂದೇ ಹೊಂಡದಲ್ಲಿ ಕೆಲವು ಗೇಣುಗಳ ಅಂತರದಲ್ಲಿ ಮೀಥೇನ್ ಹುಟ್ಟುವುದೂ ಸಾಯುವುದೂ ನಡೆದಿದೆ.

ಈಗ ಗೆರೆಯ ಆಚೆಯ ನೀರಿಗೆ ಬರೋಣ. ಸರೋವರ ಎರಡು ಮೀಟರಿಗಿಂತ ಆಳವಾದರೆ ಚಳಿಗಾಲದ ಗಡ್ಡೆ ತಳ ಮುಟ್ಟುವುದಿಲ್ಲ. ತಳದ ಹೂಳು ವರ್ಷವಿಡೀ ಸೊನ್ನೆಯ ಮೇಲೇ ಇರುತ್ತದೆ, ಅದರ ಕೆಳಗಿನ ಹೆಪ್ಪುನೆಲ ಬಟ್ಟಲಿನಾಕಾರದಲ್ಲಿ ಕರಗುತ್ತಾ ಹೋಗುತ್ತದೆ. ಈ ಕರಗಿದ ಬಟ್ಟಲಿಗೆ ಟಾಲಿಕ್ ಎಂದು ಹೆಸರು. ಮೇಲಿನ ನೆಲ ಬೇಸಿಗೆಯಲ್ಲಿ ಒಂದು ಮೀಟರಿನಷ್ಟು ಕರಗಿ ಮತ್ತೆ ಹೆಪ್ಪುಗಟ್ಟಿದರೆ, ಟಾಲಿಕ್ ಹತ್ತಾರು ಮೀಟರ್ ಇಳಿಯಬಲ್ಲದು. ಈಶಾನ್ಯ ಸೈಬೀರಿಯಾದ ಕೊಲಿಮಾ ನದಿಯ ಬಳಿ ಚೆರ್ಸ್ಕಿ ಎಂಬ ಊರಿನ ಸುತ್ತ ಯೆಡೋಮಾ ಎಂಬ ಹಿಮಯುಗದ ಮಣ್ಣಿದೆ: ಗಾಳಿ ತಂದ ಧೂಳು, ಮ್ಯಾಮತ್‌ಗಳ ಕಾಲದ ಹುಲ್ಲಿನ ಬೇರು, ಅರ್ಧಕ್ಕೂ ಮಿಕ್ಕಿದ ಮಂಜುಗಡ್ಡೆ. ಅಲ್ಲಿನ ಸರೋವರಗಳು ಬಿಡುವ ಮೀಥೇನ್ ಈ ಪುರಾತನ ಇಂಗಾಲದ್ದು ಎಂದು ಸೆರ್ಗೆಯ್ ಜಿಮೋವ್ ಮತ್ತು ಸಂಗಡಿಗರು 1997ರಲ್ಲೇ ಹೇಳಿದ್ದರು. ಕೇಟಿ ವಾಲ್ಟರ್ ಮತ್ತು ತಂಡ ಅದನ್ನು ಅಳೆದ ರೀತಿ ಸರಳ. ಚಳಿಗಾಲದ ಮೊದಲ ಗಡ್ಡೆ ಕಪ್ಪು ಗಾಜಿನಂತೆ ಪಾರದರ್ಶಕ. ಮೇಲೇರಿದ ಗುಳ್ಳೆಗಳು ಅದರಡಿ ಸಿಕ್ಕಿ ಒಂದರ ಕೆಳಗೊಂದು ಬಿಲ್ಲೆಗಳಂತೆ ಪೇರಿಸಿಕೊಳ್ಳುತ್ತವೆ. ಹಿಮ ಗುಡಿಸಿ, ಗಡ್ಡೆಯ ಮೇಲೆ ನಡೆಯುತ್ತಾ ಗುಳ್ಳೆಗಳನ್ನು ಬಗೆಬಗೆಯಾಗಿ ಎಣಿಸಿದರು. ನೀರೊಳಗೆ ಕೊಡೆಯಂಥ ಬಲೆ ಇಟ್ಟು ಪ್ರತಿ ಬಗೆಯ ಹರಿವನ್ನು ಅಳೆದರು. ಕೆಲವು ಕಡೆ ಅನಿಲ ಎಷ್ಟು ಜೋರಾಗಿ ಬರುತ್ತದೆಂದರೆ ಕಡುಚಳಿಯಲ್ಲೂ ಆ ತೂತು ಮುಚ್ಚುವುದಿಲ್ಲ. 2006ರಲ್ಲಿ ಪ್ರಕಟವಾದ ಆ ಅಧ್ಯಯನದ ಎರಡು ಸರೋವರಗಳಲ್ಲಿ ಹೊರಬಂದ ಮೀಥೇನಿನ 95 ಪ್ರತಿಶತ ಗುಳ್ಳೆಯ ದಾರಿಯದು. ಜೋರಾಗಿ ಉಕ್ಕುವ ತಾಣಗಳ ಅನಿಲದ ವಯಸ್ಸು 35,000ದಿಂದ 43,000 ವರ್ಷ.

ಇಲ್ಲಿಗೆ ಮೊದಲ ಆಕ್ಷೇಪ ಏಳುತ್ತದೆ, ಗಟ್ಟಿಯಾದ ಆಕ್ಷೇಪವೇ. ಚೆರ್ಸ್ಕಿಯ ಸರೋವರಗಳು ವಿಶೇಷ ಪ್ರಕರಣ. ಬಹಳಷ್ಟು ಹೊಂಡಗಳಿಂದ ಬರುವ ಇಂಗಾಲ ಪುರಾತನವಲ್ಲ. ಕೆನಡಾದ ಬೈಲಟ್ ದ್ವೀಪದಲ್ಲಿ 2015ರಲ್ಲಿ ಪ್ರಕಟವಾದ ಅಳತೆಗಳಲ್ಲಿ ಹೊಂಡಗಳ ಮೀಥೇನ್ ಇತ್ತೀಚಿನದು ಅಥವಾ ಕೆಲವು ನೂರು ವರ್ಷ ಹಳೆಯದು. ಮೂರು ಸಾವಿರ ವರ್ಷ ದಾಟಿದ್ದು ಸರೋವರದ ಅನಿಲ. ಅಲಾಸ್ಕಾದ ಬಗೆಬಗೆಯ ಸರೋವರಗಳಲ್ಲೂ ಹೊಸ ಇಂಗಾಲದ್ದೇ ಮೇಲುಗೈ ಎಂದು 2018ರ ಅಧ್ಯಯನ ಹೇಳಿತು. ಹೊಸದೆಂದರೆ ಮೊನ್ನೆ ಗಿಡ ಗಾಳಿಯಿಂದ ಹೀರಿದ್ದು ಇಂದು ಗಾಳಿಗೆ ಮರಳಿತು ಎಂದಷ್ಟೇ ಅಲ್ಲವೇ, ಅದರಿಂದ ಭೂಮಿಗೆ ನಷ್ಟವೇನು? ಡೈಆಕ್ಸೈಡ್ ಆಗಿ ಮರಳಿದರೆ ಈ ಮಾತು ಸರಿ, ಜಮಾಖರ್ಚು ಸಮ. ಮೀಥೇನ್ ಆಗಿ ಮರಳಿದರೆ ಸರಿಯಲ್ಲ. ಮೇಲಿನ ಲೆಕ್ಕವನ್ನೇ ತೆಗೆದುಕೊಳ್ಳಿ: ಗಿಡ ಹೀರಿದ್ದು 3.67, ಹೊಂಡ ಮರಳಿಸಿದ್ದು 36ಕ್ಕೆ ಸಮನಾದದ್ದು. ಹೊಸ ಇಂಗಾಲವೆಂದು ಹೀರಿದ್ದನ್ನು ಕಳೆದರೂ 32 ಉಳಿಯುತ್ತದೆ. ವಯಸ್ಸು ಮುಖ್ಯವೇ, ಆದರೆ ಅದಕ್ಕಿಂತ ಮೊದಲು ರೂಪವನ್ನು ಕೇಳಬೇಕು. ಹಳೆಯ ಇಂಗಾಲದ ಬೆನ್ನು ಹತ್ತಿ ಹೊಂಡಗಳನ್ನು ನಿರಪರಾಧಿ ಎಂದು ಬಿಡುವುದು ಅವಸರದ ತೀರ್ಪು.

ಇದಕ್ಕಿಂತ ಸೂಕ್ಷ್ಮವಾದ ಮರುಪ್ರಶ್ನೆಯೂ ಇದೆ. ಹೊಂಡಗಳು ಸಾವಿರಾರು ವರ್ಷದಿಂದ ಹೀಗೆ ಮೀಥೇನ್ ಬಿಡುತ್ತಲೇ ಬಂದಿದ್ದರೆ, ಹತ್ತು ಹನ್ನೆರಡು ವರ್ಷ ಮಾತ್ರ ಬಾಳುವ ಆ ಅನಿಲ ವಾತಾವರಣದಲ್ಲಿ ಎಂದೋ ಸಮತೋಲನಕ್ಕೆ ಬಂದಿರಬೇಕು. ಹೊಸ ಬಿಸಿಗೆ ಕಾರಣವಾಗುವುದು ಏರಿಕೆ ಮಾತ್ರ. ಇದನ್ನು ಪೂರ್ತಿ ಒಪ್ಪುತ್ತೇನೆ. ಹಾಗಾದರೆ ಏರುತ್ತಿದೆಯೇ? ಇಳಿಯುತ್ತಿದೆ ಎನ್ನಲು ಸಾಕ್ಷಿ ಉಂಟು. ಸೈಬೀರಿಯಾದಲ್ಲಿ 40 ಹೆಕ್ಟೇರಿಗಿಂತ ದೊಡ್ಡ ಸರೋವರಗಳನ್ನು ಲಾರೆನ್ಸ್ ಸ್ಮಿತ್ ತಂಡ ಎಣಿಸಿತು: 1973ರಲ್ಲಿ 10,882 ಇದ್ದದ್ದು 1997–98ಕ್ಕೆ 9,712. ಕೆಳಗಿನ ಹೆಪ್ಪುನೆಲ ತೂತಾಗಿ ನೀರು ಇಂಗಿಹೋಗಿತ್ತು. ಆದರೆ ಅದೇ ಅಧ್ಯಯನದಲ್ಲಿ, ಹೆಪ್ಪುನೆಲ ಅಖಂಡವಾಗಿದ್ದ ಉತ್ತರ ಭಾಗದಲ್ಲಿ ಸರೋವರಗಳು ಹೆಚ್ಚಿದ್ದವು. ಅಲಾಸ್ಕಾದ ಬ್ಯಾರೋ ಬಳಿಯ ಹೊಂಡಗಳ ಚಿತ್ರ ಇನ್ನೂ ಸ್ಪಷ್ಟ. ಅಂತರರಾಷ್ಟ್ರೀಯ ಜೈವಿಕ ಕಾರ್ಯಕ್ರಮದಡಿ 1970ರ ದಶಕದ ಆರಂಭದಲ್ಲೇ ಅಲ್ಲಿ ಕೂಲಂಕಷ ಅಧ್ಯಯನ ನಡೆದಿದ್ದರಿಂದ ಹೋಲಿಸಲು ಹಳೆಯ ದಾಖಲೆ ಇದೆ. 1948ರಿಂದ 2013ರವರೆಗಿನ ಚಿತ್ರಗಳ ಪ್ರಕಾರ ಹೊಂಡಗಳ ವಿಸ್ತೀರ್ಣ ಸುಮಾರು 30, ಸಂಖ್ಯೆ 17 ಪ್ರತಿಶತ ಕುಗ್ಗಿದೆ. ನೀರು ಕಡಿಮೆಯಾದರೆ ಮೀಥೇನೂ ಕಡಿಮೆ ಎನ್ನೋಣವೇ? ಹೊಂಡ ಒಣಗಿ ಬಯಲಾಗಲಿಲ್ಲ, ಜೊಂಡು ನುಗ್ಗಿ ಹಸಿರಾಯಿತು. ನೀರು ಬೆಚ್ಚಗಾಯಿತು, ಪೋಷಕಾಂಶ ಹೆಚ್ಚಿತು, ಕಾರೆಕ್ಸ್ ಮತ್ತು ಆರ್ಕ್ಟೋಫಿಲಾ ಎಂಬ ಎರಡು ನೀರುಹುಲ್ಲುಗಳು ದಟ್ಟವಾದವು. ಅವುಗಳ ಕಾಂಡದ ಮೂಲಕ ಹೊರಬರುವ ಮೀಥೇನ್ ದಶಕಗಳಲ್ಲಿ ಏರಿದೆ ಎಂದು ಅಲ್ಲೇ ಕೆಲಸ ಮಾಡಿದ ಸಂಶೋಧಕರು 2017ರಲ್ಲಿ ತೋರಿಸಿದರು. ತೆರೆದ ನೀರನ್ನು ಮಾತ್ರ ಎಣಿಸುವ ಉಪಗ್ರಹ ಇದನ್ನು ಇಳಿಕೆ ಎಂದೇ ಬರೆದುಕೊಳ್ಳುತ್ತದೆ.

ಇನ್ನೊಂದು ಆಕ್ಷೇಪವನ್ನು ಒಡ್ಡಿದವರು ಗುಳ್ಳೆ ಎಣಿಸಿದವರೇ. ಕೇಟಿ ವಾಲ್ಟರ್ (ಈಗ ವಾಲ್ಟರ್ ಆಂಥನಿ) ತಂಡ 2014ರಲ್ಲಿ, ಯೆಡೋಮಾ ಸೀಮೆಯ ಸರೋವರಗಳು ಮೊದಲು ಮೀಥೇನ್ ಉಗುಳಿ, ಆಮೇಲೆ ಹಾವಸೆ ಮತ್ತು ಹೂಳನ್ನು ತುಂಬಿಕೊಂಡು, ಸುಮಾರು 5,000 ವರ್ಷದ ಹಿಂದೆ ಒಟ್ಟಾರೆ ಭೂಮಿಯನ್ನು ತಂಪುಮಾಡುವ ಕಡೆಗೆ ತಿರುಗಿದವು ಎಂದು ತೋರಿಸಿತು. ಬತ್ತಿದ ಸರೋವರಗಳ ಪಾತ್ರಗಳಲ್ಲಿ ಹಾಗೆ ಕೂಡಿದ ಇಂಗಾಲ ಸುಮಾರು 16,000 ಕೋಟಿ ಟನ್. ಸೈಬೀರಿಯಾದ ಯಾಕುತಿಯಾ ಪ್ರದೇಶದ ಸಖಾ ಜನ ಕುದುರೆ ದನ ಮೇಯಿಸಿ ಹುಲ್ಲು ಕೊಯ್ಯುವ ಅಲಾಸ್ ಎಂಬ ಬಟ್ಟಲುಗಾವಲುಗಳೂ ಇಂಥ ಬತ್ತಿದ ಸರೋವರಗಳೇ. ನನ್ನ ದೃಷ್ಟಿಯಲ್ಲಿ ಈ ವಿಷಯದ ಮೇಲೆ ಬಂದ ಅತ್ಯಂತ ಪ್ರಾಮಾಣಿಕ ಬರಹಗಳಲ್ಲಿ ಇದೊಂದು, ಆದರೂ ಇದು ಸಮಾಧಾನ ಹೇಳುವ ಪತ್ರವಲ್ಲ. ಆ ಇಂಗಾಲ ಉಳಿದದ್ದು ಬತ್ತಿದ ಪಾತ್ರ ಮತ್ತೆ ಹೆಪ್ಪುಗಟ್ಟಿದ್ದರಿಂದ. ಹೆಪ್ಪುಗಟ್ಟಲು ಬೇಕಾದ ಚಳಿ ಆಗ ಇತ್ತು. ಮೇಲಾಗಿ ಉಗುಳುವ ಹಂತ ಶತಮಾನಗಳಷ್ಟು, ತುಂಬಿಕೊಳ್ಳುವ ಹಂತ ಸಹಸ್ರಮಾನಗಳಷ್ಟು ದೀರ್ಘ. ಇಂದು ಹುಟ್ಟುವ ಸರೋವರ ಮೊದಲ ಹಂತದಲ್ಲಿದೆ.

ಎಲ್ಲ ಕಡೆಯೂ ಹೀಗೇ ಎಂದು ಹಿಗ್ಗಿಸುವುದು ಬೇಡ. ಅಲಾಸ್ಕಾದ ಯುಕಾನ್ ಫ್ಲ್ಯಾಟ್ಸ್‌ನಂಥ ಒಣ, ಸಮತಟ್ಟು ಸೀಮೆಯ ಅನೇಕ ಸರೋವರಗಳಿಗೆ ದಡದಿಂದ ಇಂಗಾಲ ಬರುವುದು ತೀರ ಕಡಿಮೆ. ಅಲ್ಲಿ ಸುತ್ತುವುದು ನೀರುಗಿಡಗಳದೇ ಇಂಗಾಲ ಎಂದು 2019ರಲ್ಲಿ ಗೊತ್ತಾಯಿತು. ಒಟ್ಟು ಮೊತ್ತವನ್ನೂ ಅಳತೆಯಲ್ಲಿ ಇಡೋಣ. 733 ಹೊಂಡ ಸರೋವರಗಳ ಅಳತೆಗಳನ್ನು ಕೂಡಿಸಿ ಮಾರ್ಟಿನ್ ವಿಕ್ ತಂಡ 2016ರಲ್ಲಿ ಕೊಟ್ಟ ಅಂದಾಜು, 50 ಡಿಗ್ರಿ ಉತ್ತರದಾಚೆಯ ಈ ನೀರುಗಳಿಂದ ವರ್ಷಕ್ಕೆ 1.65 ಕೋಟಿ ಟನ್ ಮೀಥೇನ್. ಜಗತ್ತಿನ ಒಟ್ಟು ಮೀಥೇನ್ ಸುಮಾರು 60 ಕೋಟಿ ಟನ್. ಎಂದರೆ ಮೂರು ಪ್ರತಿಶತದ ಒಳಗೆ. ಪತ್ರಿಕೆಗಳ ತಲೆಬರಹಗಳಲ್ಲಿ ಬರುವ ಮೀಥೇನ್ ಬಾಂಬ್ ಎಂಬ ಮಾತಿಗೆ ಇಲ್ಲಿ ಆಧಾರ ಸಿಗುವುದಿಲ್ಲ. ಹೊಂಡವನ್ನು ಒಬ್ಬರು ಜೌಗಿನ ಲೆಕ್ಕದಲ್ಲೂ ಇನ್ನೊಬ್ಬರು ಸರೋವರದ ಲೆಕ್ಕದಲ್ಲೂ ಸೇರಿಸಿ ಎರಡು ಸಲ ಎಣಿಸುವ ದೋಷವೂ ಉಂಟು. ವಿಕ್ ಮತ್ತು ಸಹೋದ್ಯೋಗಿಗಳೇ ಅದನ್ನು ಎತ್ತಿ ತೋರಿಸಿದ್ದಾರೆ. ಇಷ್ಟೆಲ್ಲ ಕಳೆದ ಮೇಲೂ ಉಳಿಯುವ ಒಂದು ಅಂಶವಿದೆ. ನೆಲ ಹಠಾತ್ತಾಗಿ ಕರಗಿ ಕುಸಿಯುವ ಜಾಗ 25 ಲಕ್ಷ ಚದರ ಕಿಲೋಮೀಟರಿನಷ್ಟೇ ಇದ್ದರೂ, ಇಡೀ 180 ಲಕ್ಷ ಚದರ ಕಿಲೋಮೀಟರ್ ನಿಧಾನವಾಗಿ ಕರಗುವುದರಿಂದ ಆಗುವಷ್ಟೇ ಬಿಸಿಗೆ ಕಾರಣವಾಗಬಹುದು ಎನ್ನುತ್ತದೆ ಮೆರಿಟ್ ಟುರೆಟ್ಸ್ಕಿ ತಂಡದ 2020ರ ಲೆಕ್ಕ. ಅದು ಹೊಗೆ ಹೆಚ್ಚುತ್ತಲೇ ಹೋಗುವ ಕೆಟ್ಟ ಸನ್ನಿವೇಶದ ಲೆಕ್ಕ ಹೌದು, ಆದರೆ ಚಿಕ್ಕ ಜಾಗಕ್ಕೆ ದೊಡ್ಡ ತೂಕ ಬರುವುದು ರೂಪದ ಕಾರಣದಿಂದಲೇ ಎಂಬುದನ್ನು ಅದು ಬಿಡಿಸಿ ತೋರಿಸುತ್ತದೆ.

ಹಾಗಾದರೆ ಏನನ್ನು ಕಾದು ನೋಡಬೇಕು? ತಳ ಮುಟ್ಟುವ ಗಡ್ಡೆಯನ್ನು. ಅದನ್ನು ಆಕಾಶದಿಂದ ಕಾಣಬಹುದು ಎಂಬುದು ನಮ್ಮ ಅದೃಷ್ಟ. ಗಡ್ಡೆಯ ಕೆಳಗೆ ನೀರಿದ್ದರೆ ರೇಡಾರಿನ ಅಲೆ ಬಲವಾಗಿ ಮರಳಿ ಚಿತ್ರ ಬೆಳ್ಳಗೆ ಬರುತ್ತದೆ. ಗಡ್ಡೆ ಹೂಳಿಗೆ ಅಂಟಿದ್ದರೆ ಅಲೆ ನೆಲದೊಳಗೆ ಸೇರಿಹೋಗಿ ಕಪ್ಪಗೆ ಕಾಣುತ್ತದೆ. ಬ್ಯಾರೋ ಬಳಿಯ ಸರೋವರಗಳ 1991ರಿಂದ 2011ರವರೆಗಿನ ರೇಡಾರ್ ಚಿತ್ರಗಳಲ್ಲಿ, ಏಪ್ರಿಲ್ ತಿಂಗಳಲ್ಲಿ ತಳಕ್ಕೆ ಅಂಟಿದ ಗಡ್ಡೆಯ ಪಾಲು 22 ಪ್ರತಿಶತ ಇಳಿದಿದೆ. ಇಳಿದ ಆ ಪಾಲಿನ ಅಡಿಯಲ್ಲಿ ಸೂಕ್ಷ್ಮಜೀವಿಗಳಿಗೆ ಚಳಿಗಾಲದ ರಜೆ ರದ್ದಾಗಿದೆ, ಟಾಲಿಕ್ ಇಳಿಯಲು ದಾರಿಯಾಗಿದೆ. ನೀರಿನ ವಿಸ್ತೀರ್ಣ ಒಂದಿಷ್ಟೂ ಬದಲಾಗದೆ ಹೊಂಡ ಜಾತಿ ಬದಲಿಸುವುದು ಹೀಗೆ. ವಿಸ್ತೀರ್ಣವನ್ನೇ ನೆಚ್ಚಿದ ಮಾದರಿಗಳಿಗೆ ಇದು ಕಾಣಿಸುವುದಿಲ್ಲ.

ಈ ಕೆಲಸದಲ್ಲಿ ಭಾರತದ ಪಾತ್ರ ಚಿಕ್ಕದಾದರೂ ನಿಜವಾದದ್ದು. 2008ರಿಂದ ಸ್ವಾಲ್‌ಬಾರ್ಡ್‌ನ ನಿ-ಓಲೆಸುಂಡ್‌ನಲ್ಲಿ ನಮ್ಮ ಹಿಮಾದ್ರಿ ಕೇಂದ್ರ ಇದೆ, ಅದೂ ಹೆಪ್ಪುನೆಲವೇ. ಬೆಂಗಳೂರಿನಲ್ಲಿ ಜೋಡಣೆಯಾಗಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ರೇಡಾರ್ ಉಪಗ್ರಹ ಹನ್ನೆರಡು ದಿನಕ್ಕೊಮ್ಮೆ ಅದೇ ನೆಲದ ಮೇಲೆ ಮರಳಿ ಬರುತ್ತದೆ. ಗಡ್ಡೆಯ ತಳ ನೋಡುವ ಕೆಲಸ ಈವರೆಗೆ ಬಹುಪಾಲು ಸಿ-ಬ್ಯಾಂಡ್ ರೇಡಾರುಗಳದ್ದು. ಅಲೆ ಅದಕ್ಕಿಂತ ಉದ್ದವಾದ ನಿಸಾರ್‌ನ ಎಲ್-ಬ್ಯಾಂಡ್ ಹೆಚ್ಚು ಉಪಯೋಗಕ್ಕೆ ಬರುವುದು ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಕುಸಿಯುವುದನ್ನು, ಎಂದರೆ ಹೊಂಡ ಹುಟ್ಟುವ ಮುನ್ನ ಬೆಣೆಗಡ್ಡೆ ಕರಗುವುದನ್ನು ಹಿಡಿಯುವುದರಲ್ಲಿ. ಎರಡನ್ನೂ ಒಂದೇ ನಕ್ಷೆಯ ಮೇಲೆ ಇಟ್ಟರೆ ಯಾವ ತಗ್ಗು ಹೊಂಡವಾಗುತ್ತಿದೆ, ಯಾವ ಹೊಂಡ ಸರೋವರವಾಗುತ್ತಿದೆ ಎಂದು ವರ್ಷವರ್ಷ ಗುರುತಿಸಬಹುದು. ಅನಿಲದ ಹರಿವು ಮಾತ್ರ ನೆಲದ ಮೇಲೇ ಅಳೆಯಬೇಕಾದದ್ದು, ಅದರಲ್ಲೂ ಗಡ್ಡೆ ಒಡೆಯುವ ವಸಂತದ ಕೆಲವೇ ದಿನಗಳಲ್ಲಿ. ಚಳಿಗಾಲವಿಡೀ ಗಡ್ಡೆಯಡಿ ಕೂಡಿಟ್ಟ ಮೀಥೇನ್ ಆಗ ಒಮ್ಮೆಲೇ ಹೊರಬೀಳುತ್ತದೆ. ದಾರಿಯೆಲ್ಲ ಕೆಸರಾಗಿ, ಗಡ್ಡೆಯ ಮೇಲೆ ನಡೆಯಲೂ ಆಗದೆ ನೀರಿನಲ್ಲಿ ದೋಣಿ ಇಳಿಸಲೂ ಆಗದೆ ಇರುವ ಹೊತ್ತು ಅದು. ಈಗಿರುವ ಅಳತೆಗಳಲ್ಲಿ ಹೆಚ್ಚಿನವು ಜುಲೈ ಆಗಸ್ಟ್‌ನವು. ಮುಂದಿನ ಅಂದಾಜು ಮೊದಲು ತುಂಬಿಕೊಳ್ಳಬೇಕಾದದ್ದು ಮೇ ಜೂನ್ ತಿಂಗಳುಗಳ ಕಾಲಮ್ಮನ್ನು.